ಕೆರೆಯಿಂದೊಂದು ಕರೆ

ಪಿಸುಗುಟ್ಟುವವರ ಪಕ್ಕ ಕೂತರೆ ನಮ್ಮ ದನಿಯೂ ತಾನಾಗಿ ಇಳಿದುಬಿಡುತ್ತದೆಂಬುದು ಪ್ರತಾಪನಿಗೆ ಗೊತ್ತಾದದ್ದು ನಿನ್ನೆ, ಸಿಡ್ನಿಯ ಟೂಂಗಾಬಿಯ ಮನೆಯಿಂದ ಕಾರು ಹೊರಟು ಎರಡನೇ ಸಿಗ್ನಲ್ ದಾಟುವುದರೊಳಗೆ. ಪಕ್ಕದ ಸೀಟಿನ ಶಾಂತವೀರಪ್ಪ ಅಂಕಲ್ "ಎಸಿ ಸ್ವಲ್ಪ ಕಡಿಮಿ ಮಾಡೋ ತಮ್ಮಾ" ಎಂದರು. ದನಿಯಿಲ್ಲ, ಬರೀ ಉಸಿರು, ಗೋಡೆಗೆ ಉಪ್ಪುಕಾಗದ ತಿಕ್ಕಿದ ಹಾಗೆ. "ಆಯ್ತು ಅಂಕಲ್" ಎಂದು ಇವನೂ ಅದೇ ಉಸಿರಲ್ಲಿ ಅಂದುಬಿಟ್ಟ. ಅಂದಮೇಲೆ ಕಿವಿ ಬಿಸಿಯಾಯಿತು. ಬೇರೆಯವರು ಹಾಗಂದರೆ ಅದು ಸಂಕೋಚ, ಮರ್ಯಾದೆ. ವೇದಿಕೆಯ ಮೇಲೆ ಬೇರೆಯವರ ದನಿ ಮಾಡುವ ಇವನು ಅಂದರೆ ಮಿಮಿಕ್ರಿ. ಬೇಕೆಂದೇ ಗಂಟಲು ಸರಿಮಾಡಿಕೊಂಡು ಜೋರಾಗಿ ಏನೋ ಹೇಳಹೋದರೆ, ಆ ಸರಿಮಾಡಿಕೊಳ್ಳುವ ಸದ್ದೇ ಗಂಟಲು ಕಳಕೊಂಡವರ ಮುಂದೆ ಜಂಬದ ಹಾಗೆ ಕೇಳಿಸಿತು. ಏಳು ಗಂಟೆಯ ದಾರಿ. ನ್ಯೂಕಾಸಲ್ ದಾಟಿದ ಮೇಲೆ ರಸ್ತೆ ಖಾಲಿಯಾದಾಗ, ಕಣ್ಣನ್ನು ಬಿಳಿಪಟ್ಟಿಯ ಮೇಲೇ ಇಟ್ಟು, ಎರಡು ವಾರದಿಂದ ಬಾತ್‌ರೂಮಿನಲ್ಲಿ ಅಭ್ಯಾಸ ಮಾಡಿದ್ದ ಮಾತನ್ನು ಕೊನೆಗೂ ಆಡಿದ್ದ, ಅದೂ ಪಿಸುದನಿಯಲ್ಲೇ ಬಂತು: "ಅಂಕಲ್, ನವೆಂಬರ್‌ನಲ್ಲಿ ನಾನು ಮಾಡಿದ್ದು ತಪ್ಪಾಯಿತು. ನಿಮ್ಮ ಕಾಯಿಲೆ ನನಗೆ ಗೊತ್ತಿರಲಿಲ್ಲ. ಕ್ಷಮಿಸಿಬಿಡಿ." ಅಂಕಲ್ ರಸ್ತೆಬದಿಯ ಬೋರ್ಡು ಓದಿದರು. ಆಮೇಲೆ, "ಮುಂದ ಎಡಕ್ಕ ಪೆಟ್ರೋಲ್ ಬಂಕ್ ಐತಿ, ತಿರುಗಿಸು" ಎಂದರು. ಅಷ್ಟೇ. ರಾತ್ರಿ ಕೆರೆದಂಡೆಯ ಬಾಡಿಗೆ ಕ್ಯಾಬಿನ್ನಿನ ಬಂಕ್ ಹಾಸಿಗೆಯಲ್ಲಿ ಮಲಗಿದಾಗಲೂ ಪ್ರತಾಪ ಆ ಇನ್ನೊಂದು ಬಂಕ್ ಬಗ್ಗೆಯೇ ಯೋಚಿಸುತ್ತಿದ್ದ. ಕ್ಷಮಿಸಿದ್ದೇನೆ, ಸುಮ್ಮನಿರು ಎಂದೇ? ಕ್ಷಮಿಸುವುದಿಲ್ಲ, ಸುಮ್ಮನಿರು ಎಂದೇ? ಎರಡರಲ್ಲೂ ಸುಮ್ಮನಿರು ಇತ್ತು. ಅವನಿಗೆ ಬಾರದ ವಿದ್ಯೆ ಅದೊಂದೇ.

ಈಗ ಬೆಳಗಿನ ಹತ್ತೂವರೆ. ತಗಡಿನ ಪುಟ್ಟ ದೋಣಿಯ ಮುಂತುದಿಯಲ್ಲಿ ಅವನು, ಹಿಂತುದಿಯಲ್ಲಿ ಮೋಟರಿನ ಹಿಡಿಕೆ ಹಿಡಿದ ಅಂಕಲ್, ಸುತ್ತ ಕಣ್ಣು ಹಾಯುವವರೆಗೂ ನೀರು, ನೀರಿನಿಂದ ಎದ್ದು ನಿಂತ ಸತ್ತ ಮರಗಳು. ಆಚೆ ದಂಡೆಯಲ್ಲಿ ನೀಲಗಿರಿಯ ಕಾಡು. ಮನೆಯಿಲ್ಲ, ತಂತಿಯಿಲ್ಲ, ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ. ಈ ದೇಶದಲ್ಲಿ ಉತ್ತರಕ್ಕೆ ಹೋದಷ್ಟೂ ಸೆಕೆ. ಏಪ್ರಿಲ್ ಕೊನೆಯಾದರೂ ಬೆನ್ನು ಸುಡುತ್ತಿತ್ತು. ಉತ್ತರ ಕರ್ನಾಟಕದವರ ಜೊತೆ ಉತ್ತರದ ಕೆರೆಗೆ, ಉತ್ತರ ಹೇಳಬೇಕಾದವನು. ಪನ್ನು ಕರೆಯದೆ ಬಂದು ನಾಲಿಗೆಯ ತುದಿಗೆ ಕೂತಿತು. ನುಂಗಿಕೊಂಡ. ಹೆಂಡತಿ ನೇತ್ರಾ ಹೊರಡುವಾಗಲೇ ಹೇಳಿದ್ದಳು. ವೆಸ್ಟ್‌ಮೀಡಿನ ಆಸ್ಪತ್ರೆಯಲ್ಲಿ ಫಿಸಿಯೋ ಅವಳು, ರೋಗಿಗಳಿಗೆ ಮೊಣಕಾಲು ಮಡಚು ಅನ್ನುವ ದನಿಯಲ್ಲೇ ಗಂಡನಿಗೂ ಹೇಳುತ್ತಾಳೆ: "ಒಂದೇ ಮಾತಲ್ಲಿ ಸಾರಿ ಕೇಳಿ, ಮುಗಿಸಿ. ಪನ್ನು ಗಿನ್ನು ಬೇಡ. ಅವರ ಹಾಗೆ ಮಾತಾಡಬೇಡಿ. ಯಾರ ಹಾಗೂ ಮಾತಾಡಬೇಡಿ." ಹಾಗಾದರೆ ಯಾರ ಹಾಗೆ ಮಾತಾಡಲಿ ಎಂದು ಕೇಳಬೇಕೆನಿಸಿತ್ತು. ನಿಜಕ್ಕೂ. ಬೆಳಿಗ್ಗೆ ದೋಣಿ ಬಾಡಿಗೆಗೆ ಕೊಟ್ಟ ಕೆಂಪುಗಡ್ಡದವನು "ಗಾಟ್ ಯೋರ್ ಬೈಟ್, ಮೈಟ್?" ಎಂದಾಗ ಪ್ರತಾಪನಿಗೆ ಮೊದಲು ಹೊಳೆದದ್ದು ಮೈಸೂರಿನ ಹೋಟೆಲಿನ ಬೈಟೂ ಕಾಫಿ, ಅದು ಬೇಟ್, ಗಾಳಕ್ಕೆ ಹಾಕುವ ಹುಳದ ಮಾತು ಎಂದು ತಿಳಿಯುವ ಹೊತ್ತಿಗೆ ಇವನ ಬಾಯಿಂದ "ನೋ ಬೈಟ್, ಮೈಟ್" ಹೊರಟೇಹೋಗಿತ್ತು, ಮೂಗಿನ ಎಳೆತ ಸಮೇತ. ಅವನು ಕಣ್ಣು ಕಿರಿದು ಮಾಡಿ ನೋಡಿದ. ಆದರೆ ಅದೇ ಗಡ್ಡದವನು ಅಂಕಲ್ ಲೈಫ್ ಜಾಕೆಟ್ ಕೇಳಿದಾಗ, ಬಗ್ಗಿ, ತಾನೂ ಪಿಸುಗುಟ್ಟಿದ್ದ: "ಲಾರ್ಜ್ ಆರ್ ಮೀಡಿಯಮ್?" ಅದನ್ನು ಕೇಳಿ ಪ್ರತಾಪನಿಗೆ ಒಂದು ಗಳಿಗೆ ಜೀವ ಬಂದ ಹಾಗಾಗಿತ್ತು. ಆ ಗಡ್ಡದವನಿಗೇನೂ ಮಿಮಿಕ್ರಿ ಬರುತ್ತಿರಲಿಲ್ಲವಲ್ಲ.

ಅಂಕಲ್ ಮೋಟರು ನಿಲ್ಲಿಸಿದರು. ಪುಟ್ಟ ಡಬ್ಬಿ ತೆಗೆದು, ಅದರಿಂದ ಹಸಿರು ರಬ್ಬರಿನ ಹುಳವೊಂದನ್ನು ಆರಿಸಿದರು. "ಸುಳ್ಳ ಹುಳ" ಎಂದರು. "ಖರೇ ಹುಳ ನಾ ಸಿಗಸಂಗಿಲ್ಲ. ಹಿಡಿಯೂದು, ಬಿಡೂದು. ತಿನ್ನೂದಂತೂ ದೂರದ ಮಾತು." ಇಲ್ಲಿನ ನೀರಾವರಿ ಇಲಾಖೆಯ ನೌಕರಿಯಲ್ಲಿದ್ದಾಗ ಯಾರೋ ಬಿಳಿಯ ಗೆಳೆಯ ಹಚ್ಚಿದ ಹುಚ್ಚಂತೆ ಇದು, ಮೂವತ್ತು ವರ್ಷದಿಂದ ಇದೇ ಕೆರೆ. ಇಕ್ಕಳದಿಂದ ಗಾಳದ ಮೊನೆಯ ಮುಳ್ಳನ್ನು ಅದುಮಿ ಚಪ್ಪಟೆ ಮಾಡಿ, ಬೆರಳಿಗೆ ತಾಗಿಸಿ ನೋಡಿ, ಹೇಳಿದರು: "ಮುಳ್ಳು ಇದ್ದರ ಹರಕೊಂಡು ಬರತೈತಿ. ತುಟಿಗಷ್ಟ ಸಿಗಬೇಕು. ಗಂಟಲಿಗೆ ಇಳೀಬಾರದು." ಹಾಗನ್ನುವಾಗ ಕೊರಳಿಗೆ ಸುತ್ತಿದ ತೆಳು ವಸ್ತ್ರ ಸರಿದು, ಶಿವದಾರದ ಪಕ್ಕದಲ್ಲೇ ಇನ್ನೊಂದು ದಾರದಂತೆ, ಹೊಲಿಗೆಯ ಗೆರೆ ಕಂಡಿತು. ಪ್ರತಾಪ ನೀರಿನ ಕಡೆ ತಿರುಗಿದ. ಕೇಳದಿದ್ದರೆ ತಪ್ಪಾಗುತ್ತದೆಂದು, ಪಿಸುದನಿಯಲ್ಲಿ, "ಗಂಟಲು ನೋಯುತ್ತಾ ಅಂಕಲ್?" ಎಂದ. ಅಂಕಲ್ ಕೈಗಡಿಯಾರ ನೋಡಿಕೊಂಡು, "ಗಂಟಿ ಇನ್ನೂ ಹನ್ನೊಂದು ಆಗಿಲ್ಲ" ಎಂದರು. ಮತ್ತೆ ಅದೇ. ಎಷ್ಟು ನಯವಾಗಿ ಮಾತು ಹೊರಳಿಸುತ್ತಾರೆ! ನನ್ನ ಗಂಟಲಿನ ಸುದ್ದಿ ನಿನಗೆ ಬೇಡ ಎಂದು ಬೈದಿದ್ದರೇ ವಾಸಿಯಿತ್ತು.

ಆ ಗಂಟಲು. ಹುಬ್ಬಳ್ಳಿ ಸ್ಟೇಶನ್ನಿನ ಒಂದನೇ ಪ್ಲಾಟ್‌ಫಾರಮ್ಮಿನಲ್ಲಿ ಕೆಮ್ಮಿದರೆ ಐದನೆಯದರಲ್ಲಿ ತಿರುಗಿ ನೋಡಬೇಕು, ಅಂಥ ದನಿ. ಧಾರವಾಡದಿಂದ ಬಂದು ಮೆಲ್ಬರ್ನಿನಲ್ಲಿ ನೆಲೆನಿಂತ ಮೇಲೆ ಮೂವತ್ತೆರಡು ವರ್ಷ, ಕನ್ನಡದವರ ಪ್ರತಿ ಕಾರ್ಯಕ್ರಮದ ಕೊನೆಗೆ ವಂದನಾರ್ಪಣೆ ಅವರದೇ. ಊಟಕ್ಕೆ ಎದ್ದವರು ಅವರ ದನಿಗೆ ಮತ್ತೆ ಕೂರುತ್ತಿದ್ದರು. ಹೋದ ನವೆಂಬರಿನ ರಾಜ್ಯೋತ್ಸವಕ್ಕೆ ಸಿಡ್ನಿಯಿಂದ ವಿಶೇಷ ಆಹ್ವಾನಿತ, ಮೈಸೂರಿನ ಮಿಮಿಕ್ರಿ ಪ್ರತಾಪ್. ಹನ್ನೆರಡು ನಿಮಿಷ. ನೆರೆಮನೆಯ ನಾಯಿ, ಕೆಟ್ಟ ಜಿಪಿಎಸ್, ಪಿಆರ್ ವೀಸಾ ಸಿಕ್ಕವನ ನಗು, ಸಿಗದವನ ನಗು. ಚಪ್ಪಾಳೆ ಕಾವೇರಿದ ಮೇಲೆ ಮೈಕು ಹಿಡಿದು, ಎದೆ ಉಬ್ಬಿಸಿ, ಮೊದಲ ಸಾಲಿನಲ್ಲೇ ಕೂತಿದ್ದ ಶಾಂತವೀರಪ್ಪನವರಾಗಿಬಿಟ್ಟ. "ಮೈಕ್ ಕೊಟ್ಟಾವ್ರಿಗೆ ವಂದನಾರೀ, ಕುರ್ಚಿ ಹಾಕ್ದಾವ್ರಿಗೆ ವಂದನಾರೀ, ಪೂರಿ ಮಾಡ್ದಾವ್ರಿಗೆ ಪೂ-ರೀ, ಕೇಸರಿಬಾತ್ ಮಾಡ್ದಾವ್ರಿಗೆ ಕೇಸ-ರೀ..." ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಧಾರವಾಡದವರೂ ನಕ್ಕರು, ಸ್ವಲ್ಪ ತಡೆದು. ಅಂಕಲ್ ಮಾತ್ರ ಕೊರಳ ಮೇಲೆ ಕೈಯಿಟ್ಟು ಕೂತಿದ್ದರು. ಅವರ ಸರದಿ ಬಂದಾಗ ವೇದಿಕೆಗೆ ಬರಲಿಲ್ಲ. ಕೂತಲ್ಲಿಂದಲೇ "ನಾ ಹೇಳೂದೇನೂ ಉಳದಿಲ್ಲ. ಪ್ರತಾಪ ಎಲ್ಲಾ ಹೇಳ್ಯಾನ" ಎಂದರು. ಅದಕ್ಕೂ ಜನ ನಕ್ಕರು. ಪ್ರತಾಪನೂ ನಕ್ಕ, ಬಗ್ಗಿ ನಮಸ್ಕಾರ ಮಾಡಿ. ಮುಂದಿನ ಗುರುವಾರ ಅವರ ಗಂಟಲಿನ ಆಪರೇಶನ್. ಡಾಕ್ಟರು ಮೊದಲೇ ಹೇಳಿದ್ದರಂತೆ, ದನಿ ಉಳಿಯುವುದಿಲ್ಲ ಎಂದು. ಅಂದರೆ ಅವತ್ತು ಅವರು ಹೊಸ ಕೋಟು ಹಾಕಿಕೊಂಡು ಬಂದದ್ದು ಕೊನೆಯ ಸಲ ನಾಲ್ಕು ಜನರೆದುರು ತಮ್ಮ ದನಿಯಲ್ಲಿ ಮಾತಾಡಲಿಕ್ಕೆ. ಇದು ಪ್ರತಾಪನಿಗೆ ತಿಳಿದದ್ದು ತಿಂಗಳ ಮೇಲೆ, ಯಾರೋ ವಾಟ್ಸಪ್ಪಿನಲ್ಲಿ ಕೈಮುಗಿದ ಚಿತ್ರಗಳ ನಡುವೆ ಬರೆದಾಗ. ಅಂದಿನಿಂದ ಅವನು ಅವರ ದನಿಯನ್ನು ಮಾಡಿಲ್ಲ. ಆದರೆ ಅದು ಇವನ ಗಂಟಲಲ್ಲಿ ಹಾಗೇ ಕೂತಿತ್ತು, ಅಂಗಡಿ ಮುಚ್ಚಿದ ಮೇಲೂ ಜೇಬಿನಲ್ಲೇ ಉಳಿದ ಬೇರೆಯವರ ಬೀಗದ ಕೈಯ ಹಾಗೆ.

ಎರಡು ವಾರದ ಹಿಂದೆ ಮೆಲ್ಬರ್ನಿನ ವಿಂಡಮ್ ವೇಲ್‌ನಿಂದ ಅವರ ಹೆಂಡತಿ ಶ್ರೀದೇವಿ ಆಂಟಿ ಫೋನು ಮಾಡಿದ್ದರು. "ನಿಮ್ಮ ಅಂಕಲ್‌ಗ ಮೀನ ಹಿಡಿಯಾಕ ಹೋಗಬೇಕಂತಪಾ. ನಿನ್ನ ಜೋಡಿನ ಹೋಗಬೇಕಂತ. ಸಿಡ್ನಿತನಕ ವಿಮಾನದಾಗ ಬರತಾರ. ಯಾಕಂತ ನನಗೂ ಹೇಳವಲ್ರು." ಯಾಕೆ ನನ್ನ ಜೊತೆಗೇ? ಎರಡು ವಾರ ಆ ಪ್ರಶ್ನೆ ಇವನ ತುಟಿಯಲ್ಲಿ ಗಾಳದ ಹಾಗೆ ಸಿಕ್ಕಿಕೊಂಡಿತ್ತು. ಬೈಯಲಿಕ್ಕೇ ಆದರೆ ಏಳು ಗಂಟೆಯ ದಾರಿ ಯಾಕೆ? ಯಾರೂ ಇಲ್ಲದ ನೀರಿನ ನಡುವೆ ಯಾಕೆ?

ದಾರ ಎಸೆದು ಕೂತರು ಇಬ್ಬರೂ. ಮೀನು ಬರಲಿಲ್ಲ. ಒಂದು ಕಪ್ಪು ನೀರುಕಾಗೆ ಸತ್ತ ಮರದ ಮೇಲೆ ರೆಕ್ಕೆ ಬಿಚ್ಚಿ ಒಣಹಾಕಿಕೊಂಡಿತ್ತು. "ಬ್ಯಾಸ್ ಅಂತ ಮೀನ" ಎಂದರು ಅಂಕಲ್, "ಬಂದರ ಬ್ಯಾಸ್, ಬರದಿದ್ದರ ಬ್ಯಾಸರ." ಪ್ರತಾಪ ಬೆಚ್ಚಿಬಿದ್ದ. ಪನ್ನು! ಅವರ ಮುಖದಲ್ಲಿ ನಗೆಯ ಸುಳಿವಿರಲಿಲ್ಲ. ತನ್ನ ಕಿವಿಯೇ ಹಾಗೆ ಕೇಳಿಸಿಕೊಂಡಿತೇನೋ. ಆಮೇಲೆ ಅವರು ತಾವಾಗಿಯೇ, ನಾಲ್ಕು ಶಬ್ದಕ್ಕೊಮ್ಮೆ ಉಸಿರು ತೆಗೆದುಕೊಳ್ಳುತ್ತ, ಊರ ಕೆರೆಯ ಮಾತೆತ್ತಿದರು. ಅಪ್ಪ ಸಾಲಿ ಮಾಸ್ತರ, ಭಾಳ ಕಟ್ಟುನಿಟ್ಟು. ಲಿಂಗವಂತರ ಹುಡುಗ ಮೀನು ಮುಟ್ಟುವುದಿರಲಿ, ಕೆರೆಯ ದಂಡೆಗೂ ಹೋಗಬಾರದು. ಇವರು ಮಧ್ಯಾಹ್ನ ಅಪ್ಪ ಮಲಗಿದಾಗ ಓಡಿಹೋಗಿ, ಈಜಿ, ಬಗ್ಗಿಸಿದ ಗುಂಡುಸೂಜಿಗೆ ಮೀನು ಹಿಡಿದು ಬಿಟ್ಟು, ಒದ್ದೆ ಚಡ್ಡಿಯಲ್ಲಿ ಹಿತ್ತಿಲ ಬಾಗಿಲಿಗೆ ಬರುತ್ತಿದ್ದರಂತೆ. ಅಕ್ಕ ಚಿಲಕ ತೆಗೆಯುತ್ತಿದ್ದಳಂತೆ. "ಮಲ್ಲವ್ವ. ನನಗಿಂತ ಹದಿನಾಲ್ಕು ವರ್ಷ ದೊಡ್ಡಾಕಿ. ಅವ್ವ ಇರಲಿಲ್ಲ ನನಗ, ಆಕಿನ ಅವ್ವ" ಎಂದು ಹೇಳಿ, ಅವರು ಗಡಿಯಾರ ನೋಡಿ, ದಾರ ಸುತ್ತಿಕೊಂಡು, ಮೋಟರು ಶುರು ಮಾಡಿದರು.

ಕೆರೆಯ ಸರಿಮಧ್ಯದಲ್ಲಿ ಕವಲೊಡೆದ ಒಂದು ಒಣಮರ. ಅದರ ಕವಲಿಗೆ ದೋಣಿಯ ಹಗ್ಗ ಕಟ್ಟಿದರು. ಜೇಬಿನಿಂದ ಫೋನು ತೆಗೆದು ಇವನ ಮುಖದ ಮುಂದೆ ಹಿಡಿದರು. ಒಂದು ಕಡ್ಡಿ. ಇಡೀ ಕೆರೆಯಲ್ಲಿ ಕರೆ ಹೋಗುವ ಜಾಗ ಇದೊಂದೇ ಎಂದು ಮೂವತ್ತು ವರ್ಷದ ಅನುಭವ. "ಹನ್ನೊಂದೂವರಿ. ಬೆಳಗಾವ್ಯಾಗ ಏಳು. ಅಕ್ಕ ಈಗ ಚಾ ಕುಡಿದು ಒಬ್ಬಾಕಿನ ಕುಂತಿರತಾಳ" ಎಂದರು. ಆಮೇಲೆ ಹೇಳಿದ್ದು ಇಷ್ಟು: ಆಪರೇಶನ್ನಿನ ಮಾತು ಅಕ್ಕನಿಗೆ ತಿಳಿಸಬೇಡಿರೆಂದು ಎಲ್ಲರಿಗೂ ತಾವೇ ಆಣೆ ಹಾಕಿಸಿದ್ದರು, ಎಂಬತ್ತೆರಡರ ಜೀವ ತಡೆದುಕೊಳ್ಳುವುದಿಲ್ಲವೆಂದು. ಗಾಯ ಮಾಗಿದ ಮೇಲೆ ಫೋನು ಮಾಡಿದರೆ, "ನಾನು ಶಾಂತವೀರಪ್ಪ ಮಾತಾಡಾಕತ್ತೀನಿ" ಎಂಬ ಪಿಸುದನಿ ಕೇಳಿ, ಬ್ಯಾಂಕಿನ ಹೆಸರಲ್ಲಿ ಮೋಸ ಮಾಡುವವರೆಂದು ಅವಳು ಕಟ್ ಮಾಡಿದಳು. ಒಂದಲ್ಲ, ಹನ್ನೊಂದು ಸಲ. ಅವಳಿಗೆ ಕಣ್ಣು ಪೂರ್ತಿ ಮಸುಕು, ವಿಡಿಯೋ ಕಾಣದು. "ಈಗ ನಾ ಸತ್ತೀನಿ, ಮಂದಿ ಮುಚ್ಚಿಟ್ಟಾರ ಅಂತ ತಿಳದಾಳ. ಒಂದ ಹೊತ್ತಿನ ಊಟಾ ಬಿಟ್ಟಾಳಂತ." ಅವರು ಇವನ ಮೊಣಕಾಲ ಮೇಲೆ ಕೈಯಿಟ್ಟರು. "ನನ್ನ ದನಿ ನಿನ್ನ ಕಡೆ ಐತಿ. ಒಂದ ಎರಡ ನಿಮಿಷ, ಆರಾಮ ಅದೀನಿ ಅಂತ ಹೇಳು. ಶ್ರೀದೇವಿಗೆ ಗೊತ್ತಾದರ ಇಂಥಾ ಸುಳ್ಳು ಯಾಕಂತ ಬಿಡಂಗಿಲ್ಲ. ಅದಕ್ಕ ಇಲ್ಲಿ."

ಬೈಯಲಿಕ್ಕಲ್ಲ ಕರೆದದ್ದು. ಎರಡು ವಾರದ ಭಯ ಒಮ್ಮೆಗೇ ಇಳಿದು, ಇಳಿದ ಜಾಗದಲ್ಲಿ ಅದಕ್ಕಿಂತ ದೊಡ್ಡದೊಂದು ಬಂದು ಕೂತಿತು. "ಅಂಕಲ್, ಇದು ಸರಿಯಾಗಲ್ಲ, ಬೇಡ" ಎಂದು ಪಿಸುಗುಟ್ಟಿದ. ಅವರು ಹೂಂ ಎಂದು ತಲೆಯಾಡಿಸಿ, ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನು ಇವನ ಕೈಗೆ ಕೊಟ್ಟೇಬಿಟ್ಟರು. ಆಚೆ ರಿಂಗಾಯಿತು. ಪ್ರತಾಪನ ಬೆನ್ನು ತಾನಾಗಿ ನೆಟ್ಟಗಾಯಿತು, ಎದೆ ಉಬ್ಬಿತು, ಗಲ್ಲ ಕೆಳಗಿಳಿಯಿತು. ದೇಹಕ್ಕೆ ನಾಚಿಕೆಯೇ ಇಲ್ಲ. ನವೆಂಬರಿನದು ಒಂದನ್ನೂ ಅದು ಮರೆತಿರಲಿಲ್ಲ.

"ಹಲೋ, ಯಾರವ್ರು?" ಎಂದಿತು ಬೆಳಗಾವಿ. ಮಲ್ಲವ್ವನದೂ ಅದೇ ಮನೆತನದ ಗಂಟಲು.

"ಅಕ್ಕಾರ, ನಮಸ್ಕಾರರೀ! ನಾನ್ರೀ, ಶಾಂತವೀರಪ್ಪರೀ. ಆರಾಮ ಅದೀರಿಲ್ಲರೀ?"

ಕೆರೆಯ ಮೇಲೆ ಆ ದನಿ ಹರಡಿತು. ದೂರದ ಸತ್ತ ಮರದ ಮೇಲಿದ್ದ ನೀರುಕಾಗೆ ಹಾರಿಹೋಯಿತು. ಇಂಥ ಹೋಲಿಕೆ ಅವನಿಗೆ ವೇದಿಕೆಯ ಮೇಲೂ ಬಂದಿರಲಿಲ್ಲ. ಒಂದು ಕ್ಷಣ ಹೆಮ್ಮೆಯೇ ಆಯಿತು. ಎದುರಿಗೆ ಅಂಕಲ್ ಕಣ್ಣು ಮುಚ್ಚಿ ತಮ್ಮ ದನಿ ಕೇಳುತ್ತಿದ್ದರು, ಯಾರೋ ದೂರದ ಊರಿಂದ ಬಂದವರನ್ನು ಬಾಗಿಲಲ್ಲಿ ನಿಂತು ನೋಡುವ ಹಾಗೆ.

"ಯಾರಲೇ ನೀ ಖೋಡಿ?"

"ನಾನ್ರೀ ಅಕ್ಕಾರ..."

"ನನ್ನ ತಮ್ಮ ನನಗ ರೀ ಅಂತಾನೇನಲೇ? ಹುಟ್ಟಿದಾಗಿಂದ ಒಂದ ಸರ್ತಿ ಅಂದಾನೇನು? ಅಂವನ ದನಿ ಕದ್ದು ನನ್ನ ಮುಂದ ಆಟಾ ಕಟ್ಟತೀ? ಯಾರು ಕಲಿಸಿ ಕೊಟ್ಟಾರ ನಿನಗ?" ಚಾದ ಬಟ್ಟಲು ಕುಕ್ಕಿದ ಸದ್ದಾಯಿತು. "ಅಂವಾ ಸತ್ತಿದ್ದರ ಸತ್ತಾನ ಅಂತ ಹೇಳ್ರಿ. ಅತ್ತು ಮುಗಸ್ತೇನಿ. ಹಿಂಗ ನಾಟಕಾ ಮಾಡಬ್ಯಾಡ್ರಿ."

ಕದ್ದು. ಇಷ್ಟು ದಿನ ಪ್ರತಾಪ ತನಗೆ ತಾನೇ ಹೇಳಿಕೊಳ್ಳಲು ಹೆದರಿದ್ದ ಶಬ್ದವನ್ನು, ಅವನನ್ನು ಕಾಣದ, ಕಣ್ಣೇ ಕಾಣದ ಮುದುಕಿ ಹತ್ತು ಸಾವಿರ ಕಿಲೋಮೀಟರಿನಾಚೆಯಿಂದ ಎತ್ತಿ ಮುಖಕ್ಕೆ ಎಸೆದಿದ್ದಳು. ರೀ. ಒಂದು ಅಕ್ಷರ. ಉತ್ತರ ಕರ್ನಾಟಕದವರೆಂದರೆ ಎಲ್ಲರಿಗೂ ಎಲ್ಲದಕ್ಕೂ ರೀ ಎಂದು ಮೈಸೂರಿನಲ್ಲಿ ಯಾರು ಹೇಳಿಕೊಟ್ಟರು ಅವನಿಗೆ? ಯಾರೂ ಇಲ್ಲ, ಎಲ್ಲರೂ ನಗುತ್ತಿದ್ದರು, ಅಷ್ಟೇ. ಶಾಂತವೀರಪ್ಪನವರನ್ನು ಅವನು ಕೇಳಿದ್ದು ವೇದಿಕೆಯ ಮೇಲೆ, ಸಭೆಗೆ ಮಾತಾಡುವಾಗ. ಅಕ್ಕನ ಜೊತೆ ಅವರು ಹೇಗೆ ಮಾತಾಡುತ್ತಾರೆಂದು ಕೇಳಿಸಿಕೊಂಡಿರಲೇ ಇಲ್ಲ. ಫೋನು ಕೈಯಿಂದ ಜಾರುವುದರಲ್ಲಿತ್ತು. ಅಂಕಲ್ ಕಸಿದುಕೊಂಡರು, ದೋಣಿ ಓಲಾಡಿತು.

"ಅಕ್ಕಾ, ನಾನು ಶಾಂತವೀರಪ್ಪ..."

"ಮತ್ತ ಬಂದ ನೋಡು ಬ್ಯಾಂಕಿನಾಂವ! ಇಡತೇನಿ ನಾ—"

ಅಂಕಲ್ ಫೋನಿಗೆ ತುಟಿ ಹಚ್ಚಿದರು. ಹನ್ನೊಂದು ಸಲ ಜೋಡಿಸಿಟ್ಟುಕೊಂಡು ಹೇಳಿದ್ದ ಪೂರ್ತಿ ವಾಕ್ಯವೆಲ್ಲ ಎಲ್ಲೋ ಬಿದ್ದುಹೋಗಿ, ಉಸಿರು ಮಾತ್ರ ಬಂತು: "ಯಕ್ಕಾ. ಬಾಗಲಾ ತಗಿ ಬೇ. ಅಪ್ಪ ಎದ್ದಾನೇನು?"

ಪ್ರತಾಪ ಆ ಒಂದು ಕಡ್ಡಿಯನ್ನೇ ನೋಡಿದ, ಇತ್ತು. ನೀರು ದೋಣಿಯ ತಗಡಿಗೆ ಎರಡು ಸಲ ಬಡಿಯಿತು.

"ಶಾಂತ್ಯಾ?"

"ಹೂಂ ಬೇ."

"ಎಲ್ಲಿದ್ದೀ?"

"ಕೆರ್ಯಾಗ."

"ಮತ್ತ ಕೆರಿಗೆ ಹೋಗಿಯೇನಲೇ!" ಎಂದು ಮಲ್ಲವ್ವ ಕೂಗಿದ್ದು ಆಚೆ ದಂಡೆಯ ಕಾಡಿಗೆ ಮುಟ್ಟಿರಬೇಕು. "ಅರವತ್ತೆಂಟು ತುಂಬಿದರೂ ಬುದ್ಧಿ ಬರಲಿಲ್ಲ. ಅಪ್ಪ ಇದ್ದಿದ್ದರ ಕಾಲ ಮುರೀತಿದ್ದ." ಆಮೇಲೆ ಅವಳು ಅತ್ತಳು, ಮೂಗು ಒರೆಸಿಕೊಂಡಳು, ಮತ್ತೆ ಬೈದಳು. ಅಂಕಲ್ ಗಂಟಲಿನ ಕತೆ ತುಂಡು ತುಂಡಾಗಿ ಹೇಳಿದರು. "ದನಿ ಹೋದರ ಹೋತು" ಎಂದಳು. "ನನ್ನ ಕಣ್ಣ ಹೋಗಿಲ್ಲೇನು? ನೀ ಅದೀಯಲ್ಲ. ಮೊದಲ ಹೇಳಾಕ ಏನ ಧಾಡಿ ಆಗಿತ್ತು?" ಹಿತ್ತಿಲ ಬಾಗಿಲಲ್ಲಿ ಅಪ್ಪನಿಗೆ ಕೇಳಿಸದ ಹಾಗೆ ಹುಡುಗ ಶಾಂತ್ಯಾ ಆಡುತ್ತಿದ್ದ ಪಿಸುದನಿ ಅದು, ಎಲ್ಲಕ್ಕಿಂತ ಹಳೆಯದು, ಸಭೆಯ ದನಿ ಆಮೇಲೆ ಬಂದದ್ದು. ಅದನ್ನು ಯಾವ ಡಾಕ್ಟರೂ ತೆಗೆದಿರಲಿಲ್ಲ, ಯಾವ ಮಿಮಿಕ್ರಿಯವನೂ ಮುಟ್ಟಿರಲಿಲ್ಲ. ಪ್ರತಾಪ ಹಿಡಿದುಕೊಂಡಿದ್ದ ಉಸಿರು ಬಿಟ್ಟ. ಎಷ್ಟು ದಿನದಿಂದ ಹಿಡಿದಿದ್ದನೋ, ಬಿಡುತ್ತಲೇ ಇದ್ದ.

"ಆ ರೀ ಅನ್ನಾಂವನ ಕಡೆ ಕೊಡು" ಎಂದಳು ಮಲ್ಲವ್ವ.

ಫೋನು ಮತ್ತೆ ಇವನ ಕೈಗೆ ಬಂತು. "ಯಾವೂರಪಾ ನಿಂದು?"

"ಮೈಸೂರು, ಅಜ್ಜಿ." ದನಿ ಸಣ್ಣಗೆ, ಸ್ವಲ್ಪ ಒಡಕಾಗಿ ಬಂತು. ಯಾರದು ಇದು ಎಂದುಕೊಂಡ. ತನ್ನದೇ.

"ಹಾಂ. ಅದಕ್ಕ" ಎಂದಳು ಅವಳು. ಅವಳು ನಕ್ಕ ಹಾಗೆ ಕೇಳಿಸಿತು. ಅಷ್ಟರಲ್ಲಿ ಕಡ್ಡಿ ಹೋಗಿ ಕರೆ ಕಡಿಯಿತು.

ಅಂಕಲ್ ಮುಖ ಮುಚ್ಚಿಕೊಂಡಿದ್ದರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ಪ್ರತಾಪ ಗಾಬರಿ ಬಿದ್ದು ಎದ್ದರೆ, ದೋಣಿ ವಾಲಿ, ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಳ್ಳಬೇಕಾಯಿತು. ನಗುತ್ತಿದ್ದರು, ಸದ್ದೇ ಇಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು. "ಶಾಂತವೀರಪ್ಪರೀ ಅಂತ! ತನ್ನ ಹೆಸರಿಗೆ ತಾನ ರೀ ಹಚ್ಚಿಕೊಂಡಾಂವನ್ನ ನಾ ಎಲ್ಲೂ ಕಂಡಿಲ್ಲ. ರೀ ಅಂದರ ಉಪ್ಪಿದ್ದಂಗೋ. ನೀವು ಮೈಸೂರಾವ್ರು ಸಾರಿಗೆ ಬೆಲ್ಲ ಹಾಕಿದಂಗ ಹಾಕತೀರಿ." ಪ್ರತಾಪ ಏನೋ ಪಿಸುಗುಟ್ಟಿದ. ಅವರು ಕಿವಿಗೆ ಕೈ ಹಚ್ಚಿದರು. "ಜೋರ ಮಾತಾಡಲೇ! ಹೋಗಿದ್ದು ಗಂಟಲ ಒಂದ ಅಲ್ಲ, ಕಿವೀನೂ. ನಿನ್ನಿಯಿಂದ ನೀ ಪಿಸಪಿಸ ಅನ್ನೂದು ನನಗ ಒಂದೂ ಕೇಳಿಲ್ಲ. ಸುಮ್ಮನ ಹೂಂ ಹೂಂ ಅನ್ನಾಕತ್ತೀನಿ."

ಪ್ರತಾಪ ಕೂತುಬಿಟ್ಟ. ಗಂಟಲು, ಗಂಟಿ. ಕ್ಷಮಿಸಿ, ಪೆಟ್ರೋಲ್ ಬಂಕ್. ಏಳು ಗಂಟೆಯ ದಾರಿ, ಒಂದು ರಾತ್ರಿ, ಅಷ್ಟು ಸಂಕಟಪಟ್ಟು ಆಡಿದ ಮಾತು ಕಾರಿನ ಸದ್ದಿನಲ್ಲಿ ಬಿದ್ದುಹೋಗಿತ್ತು. ಯಾರೂ ಕ್ಷಮಿಸಿರಲಿಲ್ಲ, ಯಾರೂ ನಿರಾಕರಿಸಿಯೂ ಇರಲಿಲ್ಲ. ಈಗ ಮತ್ತೆ ಮೊದಲಿನಿಂದ ಹೇಳಬೇಕು. ವಿಚಿತ್ರವೆಂದರೆ ಅದು ಭಾರವೆನಿಸಲಿಲ್ಲ. ಬಾತ್‌ರೂಮಿನಲ್ಲಿ ಅಭ್ಯಾಸ ಮಾಡಿದ್ದ ವಾಕ್ಯ ನೆನಪಿಗೆ ಬರಲಿಲ್ಲ. ಎದೆ ಉಬ್ಬಿಸದೆ, ಗಲ್ಲ ಇಳಿಸದೆ, ಇದ್ದ ಹಾಗೇ ಕೂತು, ಇದ್ದ ದನಿಯಲ್ಲಿ ಕೂಗಿದ:

"ಅಂಕಲ್! ನವೆಂಬರ್‌ನಲ್ಲಿ ನಿಮ್ಮ ಕೊನೇ ಮಾತು ನಾನು ಕಿತ್ಕೊಂಡೆ! ಸಾರೀ!"

ಆಚೆ ದಂಡೆಯ ಕಾಡು ಅದನ್ನು ಹಿಡಿದು, ಸ್ವಲ್ಪ ತಡೆದು, ಅವನ ದನಿಯಲ್ಲೇ ತಿರುಗಿ ಕಳಿಸಿತು. ರೀ... ರೀ... ಎಂದು ಅದು ನೀರಿನ ಮೇಲೆ ಬಂತು. ಅಂಕಲ್‌ಗೂ ಕೇಳಿಸಿರಬೇಕು. ಅವರು ಹಗ್ಗ ಬಿಚ್ಚುತ್ತಿದ್ದ ಕೈ ನಿಲ್ಲಿಸಿದರು.

"ಸಿಟ್ಟಿತ್ತು" ಎಂದರು. "ಈಗೂ ಸ್ವಲ್ಪ ಐತಿ." ಹಸಿರು ಸುಳ್ಳುಹುಳವನ್ನು ನೀರಿಗೆ ಎಸೆದು, ಗಾಳದ ಕೋಲನ್ನು ಇವನ ಕೈಗೆ ಕೊಟ್ಟರು. "ಆದರ ಇದೊಂದು ರೀ ಮಾತ್ರ ಸರಿಯಾದ ಜಾಗಾದಾಗ ಬಂತು ನೋಡು."